ಎದುರಿನವರ ಮಾತನ್ನೂ ಕೇಳಬೇಕೆ?



ನ್ಯಾಯ ಬಗೆಹರಿಸಿಕೊಳ್ಳಲು ಮಠಕ್ಕೆ ಬರುವವರಲ್ಲಿ ಮೊದಲು ಬಂದವರ ಮಾತೇ ನಿಜವೆನಿಸುವುದು ಸಹಜ. ಹೊಲದ ಬದುವಿನ ತಂಟೆಯೊಂದರಲ್ಲಿ ನಮ್ಮಿಂದಲೂ ಈ ತಪ್ಪು ಘಟಿಸಿದೆ. ಅಣ್ಣ ಮೊದಲು ಬಂದರು. ಅವರ ಮಾತು ಕೇಳಿ ತಪ್ಪು ತಮ್ಮನದೇ ಎಂದು ಒಳಗೊಳಗೇ ತೀರ್ಮಾನಿಸಿದೆವು. ಮರುದಿನ ತಮ್ಮ ಬಂದಾಗ ನಮ್ಮ ಕಿವಿ ಕೇಳಿತೇ ಹೊರತು ಮನಸ್ಸು ಕೇಳಲಿಲ್ಲ. ಮುಂದೆ ಮೋಜಣಿಯಾದಾಗ ತಮ್ಮನ ಮಾತೇ ಸರಿಯೆಂದು ತಿಳಿಯಿತು. ಅಷ್ಟರಲ್ಲಿ ಅವರು ಮಠಕ್ಕೆ ಬರುವುದನ್ನೇ ಬಿಟ್ಟಿದ್ದರು.

ಇಂಗ್ಲೆಂಡಿನ ಯುದ್ಧ ಇತಿಹಾಸಕಾರ ಮಾರ್ಟಿನ್ ಮಿಡಲ್‌ಬ್ರೂಕ್ ಅವರನ್ನು ನೆನೆದಾಗ ಈ ಸಂಗತಿ ಮತ್ತೆ ಮನಸ್ಸನ್ನು ಚುಚ್ಚುತ್ತದೆ. 1932ರಲ್ಲಿ ಹುಟ್ಟಿ 2024ರಲ್ಲಿ ತೀರಿಕೊಂಡ ಇವರು ಪ್ರಾಧ್ಯಾಪಕರಲ್ಲ. ಲಿಂಕನ್‌ಶೈರ್‌ನ ಬಾಸ್ಟನ್ ಊರಿನಲ್ಲಿ ಕೋಳಿ ಸಾಕಿ ಬದುಕುತ್ತಿದ್ದವರು. ಆ ಕಸುಬು ನಮ್ಮ ಆಚಾರಕ್ಕೆ ಹೊರತಾದದ್ದು. ಆದರೆ ದುಡಿಮೆಯ ನಡುವೆಯೇ ಅವರು ಕೈಗೊಂಡ ಇನ್ನೊಂದು ಕೆಲಸವನ್ನು ಕಾಯಕವೆನ್ನಲು ನಮಗೆ ಸಂಕೋಚವಿಲ್ಲ.

1967ರಲ್ಲಿ ಅವರು ಫ್ರಾನ್ಸ್ ಮತ್ತು ಬೆಲ್ಜಿಯಂ ದೇಶಗಳ ಹಳೆಯ ರಣಭೂಮಿಗಳನ್ನು ನೋಡಿಬಂದರು. ಮೊದಲ ಮಹಾಯುದ್ಧದಲ್ಲಿ, 1916ರ ಜುಲೈ 1ರಂದು, ಸೊಮ್ ಎಂಬಲ್ಲಿ ಬ್ರಿಟಿಷ್ ಸೇನೆ ಒಂದೇ ದಿನದಲ್ಲಿ 57,470 ಜನರನ್ನು ಕಳೆದುಕೊಂಡಿತು. ಅವರಲ್ಲಿ 19,240 ಮಂದಿ ಸತ್ತವರು. ಉಳಿದವರಲ್ಲಿ ಬಹುಪಾಲು ಗಾಯಾಳುಗಳು. ಲೆಕ್ಕಪತ್ರ ಬಲ್ಲ ನಮ್ಮ ವ್ಯಾಪಾರಿ ಬಂಧುಗಳಿಗೆ ಗೊತ್ತಿರುವಂತೆ, ಕೆಳಗಿನ ಮೊತ್ತ ಸರಿಯಿದ್ದ ಮಾತ್ರಕ್ಕೆ ಕೊಟ್ಟವರಾರು, ತೆಗೆದುಕೊಂಡವರಾರು ಎಂಬುದು ತಿಳಿಯುವುದಿಲ್ಲ. ಅದಕ್ಕೆ ಕಿರ್ದಿಯ ಒಂದೊಂದು ಸಾಲನ್ನೂ ಓದಬೇಕು. ಮಿಡಲ್‌ಬ್ರೂಕ್ ಮಾಡಿದ್ದು ಅದನ್ನೇ. ಬದುಕುಳಿದು ಮುಪ್ಪಾಗಿದ್ದ ನೂರಾರು ಸೈನಿಕರನ್ನು ಹುಡುಕಿ, ಅವರ ಮಾತು ಕೇಳಿ, ದಾಖಲೆಗಳೊಂದಿಗೆ ತಾಳೆ ನೋಡಿ 1971ರಲ್ಲಿ ಆ ಒಂದು ದಿನದ ಕಥೆಯನ್ನು ಪುಸ್ತಕವಾಗಿ ಪ್ರಕಟಿಸಿದರು.

ತಮ್ಮವರ ಮಾತು ಕೇಳಿ ಅವರು ಅಲ್ಲಿಗೇ ನಿಲ್ಲಲಿಲ್ಲವೆಂಬುದು ಮುಖ್ಯ. 1943ರ ಜುಲೈ ತಿಂಗಳಲ್ಲಿ ವಿಮಾನ ದಾಳಿಯಿಂದ ಜರ್ಮನಿಯ ಹ್ಯಾಂಬರ್ಗ್ ನಗರ ಹೊತ್ತಿ ಉರಿದು ಸಹಸ್ರಾರು ಜನ ಸತ್ತರು. ಮಿಡಲ್‌ಬ್ರೂಕ್ ಬಾಂಬು ಹಾಕಿದ ತಮ್ಮ ದೇಶದ ವೈಮಾನಿಕರನ್ನೂ ಕೇಳಿದರು, ಬೆಂಕಿಯಲ್ಲಿ ಬದುಕುಳಿದ ಜರ್ಮನರನ್ನೂ ಕೇಳಿದರು. 1982ರಲ್ಲಿ ಫಾಕ್‌ಲೆಂಡ್ ದ್ವೀಪಗಳಿಗಾಗಿ ಬ್ರಿಟನ್ ಮತ್ತು ಅರ್ಜೆಂಟೀನಾ ನಡುವೆ ಯುದ್ಧವಾಯಿತು. ಬ್ರಿಟನ್ನಿನ 255, ಅರ್ಜೆಂಟೀನಾದ 649 ಯೋಧರು ಮಡಿದರು. ಆ ಯುದ್ಧವನ್ನು ಕುರಿತು ಬರೆದ ಮಿಡಲ್‌ಬ್ರೂಕ್, ಗಾಯ ಇನ್ನೂ ಹಸಿಯಾಗಿರುವಾಗಲೇ ಅರ್ಜೆಂಟೀನಾಕ್ಕೆ ಹೋಗಿ ಅಲ್ಲಿಯ ಯೋಧರ ಅನುಭವಗಳನ್ನೂ ಸಂಗ್ರಹಿಸಿದರು. ಆ ಪುಸ್ತಕ 1989ರಲ್ಲಿ ಹೊರಬಂದಿತು.

ಇಲ್ಲೊಂದು ಪ್ರಶ್ನೆ ಏಳುತ್ತದೆ. ದಂಡೆತ್ತಿ ಬಂದವರ ಮಾತನ್ನು ಏಕೆ ಕೇಳಬೇಕು? ಕೇಳಿದರೆ ಅವರ ತಪ್ಪನ್ನು ಒಪ್ಪಿಕೊಂಡಂತೆ ಆಗುವುದಿಲ್ಲವೇ? ಮಗನನ್ನು ಕಳೆದುಕೊಂಡ ತಾಯಿ ಹೀಗೆ ಕೇಳಿದರೆ ಆಕೆಗೆ ನೀತಿಪಾಠ ಹೇಳುವ ಅಧಿಕಾರ ಯಾರಿಗೂ ಇಲ್ಲ.

ಆದರೂ ಕೇಳುವುದು ಬೇರೆ, ಒಪ್ಪುವುದು ಬೇರೆ. ಆ ದ್ವೀಪಗಳ ಮೇಲೆ ಮೊದಲು ಸೇನೆ ಇಳಿಸಿದ್ದು ಅರ್ಜೆಂಟೀನಾ ಎಂಬ ಸತ್ಯ ಯಾವ ಸೈನಿಕನ ಕಥೆ ಕೇಳಿದರೂ ಅಳಿಯುವುದಿಲ್ಲ. ಆದರೆ ಅಪ್ಪಣೆ ಕೊಟ್ಟವರು ಅಲ್ಲಿಯ ಸೇನಾಡಳಿತದ ದೊಡ್ಡವರು. ಚಳಿಯ ಕಂದಕದಲ್ಲಿ ಕುಳಿತವರಲ್ಲಿ ಅನೇಕರು ಕಡ್ಡಾಯ ಸೇವೆಗೆ ಸೇರಿಸಲ್ಪಟ್ಟ ಹುಡುಗರು. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಯಾರ ಪಾಲಿನ ತಪ್ಪೆಷ್ಟು ಎಂಬುದು ತಿಳಿಯಬೇಕಾದರೆ ಮೊದಲು ಕೇಳಲೇಬೇಕು. ಕೇಳದೆ ಕ್ಷಮಿಸಿದರೂ ತಪ್ಪು, ಕೇಳದೆ ದಂಡಿಸಿದರೂ ತಪ್ಪು.

ನಮ್ಮ ಶರಣರಿಗೆ ಇದು ಹೊಸ ಮಾತಲ್ಲ. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುಗಳು ಅಕ್ಕಮಹಾದೇವಿಯನ್ನು ಕಠಿಣವಾಗಿ ಪ್ರಶ್ನಿಸುತ್ತಾರೆ. ಆದರೆ ಪ್ರಶ್ನೆಯೊಂದಿಗೆ ಉತ್ತರಕ್ಕೂ ಎಡೆಯುಂಟು. ಆ ತಾಯಿಯ ಮಾತನ್ನು ಪೂರ್ತಿ ಕೇಳಿದ ಮೇಲೆಯೇ ಅನುಭವ ಮಂಟಪ ಆಕೆಗೆ ತಲೆಬಾಗಿತು.

ಎರಡು ಭಾಷೆಗಳ ನಡುವೆ ಬಾಳುವ ಗಡಿಭಾಗದಲ್ಲಿ ನೀರಿಗೆ, ನೆಲಕ್ಕೆ, ಶಾಲೆಗೆ ಸಂಬಂಧಿಸಿ ಮನಸ್ತಾಪಗಳು ಬರುವುದುಂಟು. ನಮ್ಮ ಹಕ್ಕನ್ನು ಬಿಟ್ಟುಕೊಡಿರೆಂದು ನಾವು ಹೇಳುತ್ತಿಲ್ಲ. ಎದುರಿನವರ ಮಾತನ್ನು ಅವರ ಬಾಯಿಂದಲೇ ಒಮ್ಮೆ ಪೂರ್ತಿ ಕೇಳಿ, ಆಮೇಲೆ ತೀರ್ಮಾನಿಸಿ ಎಂಬುದಷ್ಟೇ ವಿನಂತಿ. ಹಾಗೆಯೇ ನಿಮ್ಮೂರಿನಲ್ಲಿ ಯುದ್ಧ ಕಂಡ ನಿವೃತ್ತ ಯೋಧರಿದ್ದರೆ, ಅವರಿಗೆ ಮನಸ್ಸಿದ್ದಲ್ಲಿ, ಬಿಡುವು ಮಾಡಿಕೊಂಡು ಅವರ ಬಳಿ ಕುಳಿತುಕೊಳ್ಳಿ.

ನಾವೂ ಆ ತಮ್ಮನ ಮನೆಗೆ ಹೋಗಿಬಂದೆವು. ಅವರು ಸಿಟ್ಟಿನಿಂದಲೇ ಮಾತನಾಡಿದರು. ನಡುವೆ ಬಾಯಿ ಹಾಕದೆ ಕೇಳಿದೆವು. ಮಠಕ್ಕೆ ಅವರಿನ್ನೂ ಬಂದಿಲ್ಲ. ಬಂದ ದಿನ ಬಾಗಿಲಿಗೆ ಹೋಗಿ ಎದುರುಗೊಳ್ಳುವುದು ನಮ್ಮ ಕರ್ತವ್ಯ.