ಕಾನೂನು ಹೆಸರೆತ್ತದ ಮನುಷ್ಯ

ನನ್ನ ಭಾವನ ಅಡಿಕೆ ತೋಟ ಇರುವುದು ಕಡಬದ ಕಡೆ, ಕುಮಾರಧಾರೆಯ ದಡದಲ್ಲಿ. ಒಂದು ಬೇಸಗೆಯಲ್ಲಿ ತೋಟದ ಕೆಳಗಿನ ಹೊಳೆಗುಂಡಿಗೆ ಯಾರೋ ಹುಡುಗರು ಮೀನು ಹಿಡಿಯಲೆಂದು ಮೈಲುತುತ್ತು ಕಲಸಿದರು. ಕೊಳೆರೋಗಕ್ಕೆ ಸುಣ್ಣ ಸೇರಿಸಿ ಅಡಿಕೆಗೆ ಹೊಡೆಯುತ್ತೇವಲ್ಲ, ಅದೇ ಮೈಲುತುತ್ತು. ನಿಂತ ನೀರಿಗೆ ಬಿದ್ದರೆ ಅದಕ್ಕೆ ಮರಿಯೂ ಒಂದೇ, ತಾಯಿಯೂ ಒಂದೇ. ಭಾವ ಹುಡುಗರನ್ನು ಅಟ್ಟಿಸಿಕೊಂಡು ಹೋಗಿ, ದಡದಲ್ಲಿ ಕೂರಿಸಿ, ಬುದ್ಧಿ ಹೇಳಿ ಕಳಿಸಿದ್ದರು. ಹೊಳೆಗೆ ವಿಷ ಹಾಕುವುದು, ತೋಟೆ ಸಿಡಿಸುವುದು 1897ರ ಮೀನುಗಾರಿಕೆ ಕಾಯ್ದೆಯಲ್ಲೇ ಅಪರಾಧ ಎಂಬುದು ಅವರಿಗೆ ಬಾಯಿಪಾಠ. ಈಗ ಹೇಳಹೊರಟ ಪ್ರಕರಣ ಇದೇ ಭಾವನದ್ದು.

ಭಾವನಿಗೆ ಗಾಳದ ಹುಚ್ಚು. ಮನೆಯ ಹೊಳೆಯಲ್ಲಿ ಅವರು ಗಾಳ ಹಾಕುವುದಿಲ್ಲ. ಬಿಡುವಾದಾಗ ಮಂಗಳೂರಿಗೆ ಹೋಗುತ್ತಾರೆ. ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಸೇರಿಸಿಕೊಂಡ ನೇತ್ರಾವತಿ, ಅತ್ತಲಿಂದ ಬರುವ ಗುರುಪುರ ಹೊಳೆಯ ಜೊತೆ ಸಮುದ್ರಕ್ಕೆ ಬೀಳುವ ಅಳಿವೆಯೇ ಅವರ ಜಾಗ. ಒಂದು ಜೂನ್ ತಿಂಗಳಲ್ಲಿ, ಮಳೆ ಎರಡು ದಿನ ಬಿಡುವು ಕೊಟ್ಟಾಗ, ನನ್ನನ್ನೂ ಕರೆದುಕೊಂಡು ಹೋದರು. ಮಧ್ಯಾಹ್ನದ ಹೊತ್ತಿಗೆ ಕೋಲು ಬಿಲ್ಲಿನಂತೆ ಬಾಗಿತು. ಅರ್ಧ ಗಂಟೆ ಜಗ್ಗಾಡಿದ ನಂತರ ಮೇಲೆ ಬಂದದ್ದು ಕುರುಡಿ ಮೀನು, ಎಂಟು ಕಿಲೋಕ್ಕೆ ಕಡಿಮೆಯಿಲ್ಲ. ಭಾವ ಅದನ್ನು ಮಗುವಿನಂತೆ ಎತ್ತಿಕೊಂಡು ನಿಂತರು. ನಾನು ಫೋಟೋ ತೆಗೆದೆ.

ಪಕ್ಕದಲ್ಲಿ ಬಲೆ ಹೊಲಿಯುತ್ತ ಕೂತಿದ್ದ ಮುದುಕರೊಬ್ಬರು ಎದ್ದು ಬಂದು ಮೀನಿನ ಹೊಟ್ಟೆಯನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದರು. ತುಳುವಿನಲ್ಲಿ ಅವರು ಹೇಳಿದ್ದು ಇಷ್ಟೇ: “ಬಸುರಿ. ನಾವು ಬೋಟು ಕಟ್ಟಿ ಕೂತದ್ದು ಇದಕ್ಕೇ.”

ವಾಪಸು ಬರುವಾಗ ಬಂಟ್ವಾಳದವರೆಗೂ ಭಾವ ಮಾತಾಡಲಿಲ್ಲ. ಆಮೇಲೆ ಒಮ್ಮೆಲೇ ಕೇಳಿದರು: “ಅಲ್ಲ ಮಾರಾಯ, ಆ ಮಳೆಗಾಲದ ನಿಷೇಧ ಬೋಟಿನವರಿಗಲ್ಲವಾ? ನನ್ನ ಹತ್ತಿರ ಇರುವುದು ಒಂದು ಕೋಲು, ಒಂದು ಗಾಳ. ನಾನು ಯಾವ ತಪ್ಪು ಮಾಡಿದ್ದು?”

ಕಾನೂನಿನ ಮಾತಾದರೆ ಭಾವ ಗೆದ್ದರು. ಕರ್ನಾಟಕದಲ್ಲಿ 1986ರ ಕಡಲ ಮೀನುಗಾರಿಕೆ ಕಾಯ್ದೆಯಿದೆ. ಅದರಡಿ ಪ್ರತಿ ಮಳೆಗಾಲ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. 10 ಅಶ್ವಶಕ್ತಿಗಿಂತ ಹೆಚ್ಚಿನ ಎಂಜಿನ್ ಕಟ್ಟಿದ ದೋಣಿಗೂ ಇದೇ ನಿಯಮ. ನಾಡದೋಣಿಗೆ ವಿನಾಯಿತಿ ಉಂಟು. ಅಡಿಕೆ ಮಾರಿ ಬದುಕುವವನು ಖುಷಿಗೆಂದು ಕೋಲು ಹಿಡಿದು ಬಂದರೆ ಎಷ್ಟು ಹಿಡಿಯಬಹುದು, ಎಷ್ಟು ದೊಡ್ಡದನ್ನು ಹಿಡಿಯಬಹುದು ಎಂದು ಈ ನಿಷೇಧ ಹೇಳುವುದಿಲ್ಲ. ಅದು ಅವನ ಹೆಸರನ್ನೇ ಎತ್ತಿಲ್ಲ.

ಲೆಕ್ಕದಲ್ಲೂ ಭಾವನ ವಾದ ಗಟ್ಟಿ. ಟ್ರಾಲ್ ಬೋಟು ಒಂದೇ ಎಳೆತಕ್ಕೆ ತರುವ ಮರಿಗಳ ರಾಶಿಯ ಮುಂದೆ ಒಂದು ಗಾಳ ಯಾವ ಲೆಕ್ಕ? ಈ ಪ್ರಶ್ನೆಯನ್ನು ತಳ್ಳಿಹಾಕಿದರೆ ಅನ್ಯಾಯವಾಗುತ್ತದೆ. ಆದರೆ ಕುರುಡಿಯ ಬಾಳು ಈ ಲೆಕ್ಕವನ್ನು ತಲೆಕೆಳಗು ಮಾಡುತ್ತದೆ. ಈ ಜಾತಿಯಲ್ಲಿ ಹೆಚ್ಚಿನವು ಗಂಡಾಗಿ ಬೆಳೆದು, ಕೆಲವು ವರ್ಷ ಕಳೆದ ಮೇಲೆ ಹೆಣ್ಣಾಗುತ್ತವೆ. ಅಂದರೆ ದೊಡ್ಡ ಕುರುಡಿ ಬಹುಮಟ್ಟಿಗೆ ತಾಯಿಯೇ. ಅದು ಮೊಟ್ಟೆ ಇಡಲು ಬರುವುದು ಅಳಿವೆಯ ಉಪ್ಪುನೀರಿಗೆ. ಗಾಳದವನಿಗೆ ಬೇಕಾದದ್ದೂ ಅದೇ ದೊಡ್ಡದು, ಅವನು ಕಾಯುವುದೂ ಅದೇ ಬಾಗಿಲಲ್ಲಿ. ಇದೇ ಮೀನನ್ನು ಆಟಕ್ಕೆ ಹಿಡಿಯುವ ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡಿನಲ್ಲಿ 58 ಸೆಂಟಿಮೀಟರಿಗಿಂತ ಚಿಕ್ಕದನ್ನೂ ಇಟ್ಟುಕೊಳ್ಳುವಂತಿಲ್ಲ, 120 ದಾಟಿದ್ದನ್ನೂ ಇಟ್ಟುಕೊಳ್ಳುವಂತಿಲ್ಲ. ಮರಿಯ ಜೊತೆ ಅಜ್ಜಿಯನ್ನೂ ನೀರಿಗೆ ಬಿಡಬೇಕು.

ನಮಗೆ ಇಂಥ ಕಟ್ಟು ಹೊಸದೇನಲ್ಲ. ಸುಳ್ಯದ ತೊಡಿಕಾನದಲ್ಲಿ ಮಲ್ಲಿಕಾರ್ಜುನ ದೇವಸ್ಥಾನದ ಬಳಿಯ ಮೀನಿಗೆ ಜನ ಅಕ್ಕಿ ಹಾಕುತ್ತಾರೆ, ಗಾಳ ಹಾಕುವುದಿಲ್ಲ. ಬೆಳ್ತಂಗಡಿಯ ಶಿಶಿಲದಲ್ಲಿ 1996ರಲ್ಲಿ ಯಾರೋ ವಿಷ ಹಾಕಿ ದೇವರ ಮೀನುಗಳನ್ನು ಸಾಯಿಸಿದಾಗ ಊರವರು ಆ ಮೀನುಗಳಿಗೆ ಸ್ಮಾರಕವನ್ನೇ ಕಟ್ಟಿದರು. ಮಂಗಳೂರಿನ ಆಚೆ ಚೇಳಾಯರಿನ ಖಂಡಿಗೆಯಲ್ಲಿ ಮೇ ಮಧ್ಯದ ಸಂಕ್ರಮಣಕ್ಕೆ ಉಳ್ಳಾಯ ದೈವದ ಪ್ರಸಾದ ನಂದಿನಿ ಹೊಳೆಗೆ ಬಿದ್ದ ಮೇಲೆಯೇ ಸಾವಿರಾರು ಜನ ಬಲೆ ಹಿಡಿದು ನೀರಿಗೆ ಹಾರುವುದು. ಇವೆಲ್ಲ ಹೊಟ್ಟೆಪಾಡಿನಾಚೆಯ ಆಸೆಗೆ ಊರು ಹಾಕಿದ ಅಳತೆ. ತೊಂದರೆಯೆಂದರೆ ಈ ಅಳತೆಗೆ ಗಡಿಕಲ್ಲು ಇದೆ. ದೇವಸ್ಥಾನದ ಗುಂಡಿಯಿಂದ ಎರಡು ಫರ್ಲಾಂಗು ಕೆಳಗೆ ಜಾರಿದ ಅದೇ ಮೀನು ಬರೀ ಸಾರಿನ ಮೀನು. ಭಾವನ ಗಡಿಕಲ್ಲು ಅವರ ತೋಟದ ಬೇಲಿ. ಅದರೊಳಗೆ ಅವರು ಕಾವಲುಗಾರ. ಅಳಿವೆಯಲ್ಲಿ ಬರೀ ಗಿರಾಕಿ.

ಮೀನಿಗೆ ಈ ಕಲ್ಲು ಕಾಣುವುದಿಲ್ಲ. ನಮ್ಮ ತೋಡುಗಳ ಕಲ್ಲುಸಂದಿಯಲ್ಲಿರುವ ಮಲೆಂಜಿ, ಆ ಹಾವುಮೀನು, ಹುಟ್ಟುವುದು ಕಡಲಲ್ಲಿ. ಮರಿಯಾಗಿ ಅಳಿವೆ ಹತ್ತಿ ಬಂದು ವರ್ಷಗಟ್ಟಲೆ ಸಿಹಿನೀರಲ್ಲಿ ಬೆಳೆದು, ಮೊಟ್ಟೆ ಇಡಲು ತಿರುಗಿ ಕಡಲಿಗೇ ಇಳಿಯುತ್ತದೆ. ಅದರ ಪಾಲಿಗೆ ಭಾವನ ಗುಂಡಿ, ಮುದುಕರ ಅಳಿವೆ ಒಂದೇ ಮನೆಯ ಎರಡು ಕೋಣೆ.

ಮೀನು ಮಾರಿ ಬದುಕುವವನಿಗೆ ಕಾನೂನು, ಡೀಸೆಲ್ ಖರ್ಚು, ಸಂತೆಯ ಬೆಲೆ ಎಲ್ಲವೂ ತಡೆ. ಹಸಿದವನಿಗೆ ಹೊಟ್ಟೆಯೇ ಅಳತೆ. ಖುಷಿಗೆ ಹಿಡಿಯುವವನಿಗೆ ಇವು ಯಾವುದೂ ಇಲ್ಲ, ಸಿಕ್ಕಷ್ಟೂ ಕಡಿಮೆಯೇ. ಹಾಗಾಗಿ ಅವನು ಅಳತೆಯನ್ನು ಮನೆಯಿಂದಲೇ ಕಟ್ಟಿಕೊಂಡು ಹೊರಡಬೇಕು, ಬುತ್ತಿಯ ಹಾಗೆ. ಅನ್ನವೇ ಅಳಿವೆಯಲ್ಲಿರುವವರು 61 ದಿನ ದಡದಲ್ಲಿ ಕೂರುವಾಗ, ಅನ್ನ ಬೇರೆ ಕಡೆಯಿರುವವನು ಅವರ ಕಣ್ಣೆದುರೇ ಗಾಳ ಎಸೆಯುವುದು ಕಾನೂನಿಗೆ ತಪ್ಪಲ್ಲ. ಉಪವಾಸ ಕೂತವರ ಎದುರು ಎಲೆ ಹಾಕಿಕೊಂಡು ಉಣ್ಣುವುದೂ ಕಾನೂನಿಗೆ ತಪ್ಪಲ್ಲ.

ಇದನ್ನೆಲ್ಲ ನಾನು ಭಾವನಿಗೆ ಹೇಳಲಿಲ್ಲ. ಅಕ್ಕನ ಗಂಡನಿಗೆ ಉಪದೇಶ ಮಾಡುವಷ್ಟು ಧೈರ್ಯ ನನಗಿಲ್ಲ. ಆ ರಾತ್ರಿಯ ಮೀನುಸಾರನ್ನು ಎರಡು ಸಲ ಹಾಕಿಸಿಕೊಂಡು ಉಂಡವನೂ ನಾನೇ. ಮೀನು ಕೊಯ್ಯುವಾಗ ಹೊಟ್ಟೆಯ ತುಂಬ ಮೊಟ್ಟೆ ಸಿಕ್ಕಿತ್ತು. ಅಕ್ಕ ಅದನ್ನು ಬೇರೆಯೇ ಹುರಿದು ಬಡಿಸಿದಳು. ಭಾವ ಮುಟ್ಟಲಿಲ್ಲ.

ಗಾಳದ ಹುಚ್ಚು ಅವರಿಗೆ ಬಿಟ್ಟಿಲ್ಲ. ಆದರೆ ಈಗ ಮಂಗಳೂರಿಗೆ ಹೊರಡುವುದು ನಿಷೇಧ ಮುಗಿದು, ಆಟಿ ತಿಂಗಳು ಕಳೆದ ಮೇಲೆ. ಗಾಳದ ಕೋಲಿನ ಮೇಲೆ, ಬುಡದಿಂದ ಸ್ವಲ್ಪ ಮೇಲಕ್ಕೆ ಒಂದು, ನಡುವಿನಲ್ಲಿ ಇನ್ನೊಂದು, ಕೆಂಪು ಬಣ್ಣದ ಎರಡು ಗೆರೆ ಎಳೆದಿದ್ದಾರೆ. ಅದೇನೆಂದು ನಾನು ಕೇಳಿಲ್ಲ.