ನೆನಪು ಬೇರೆ, ಹಗೆ ಬೇರೆ

ಯುದ್ಧದ ನೆನಪುಗಳನ್ನು ಕಾಪಾಡಿಕೊಳ್ಳುವುದು ಧರ್ಮವೆ, ಅಥವಾ ಮರೆಯುವುದೇ ಲೇಸೆ? ಮರೆತರೆ ಗಾಯ ಮಾಯುವುದೆಂದು ಕೆಲವರು ಹೇಳುತ್ತಾರೆ; ಮರೆತರೆ ಮಡಿದವರಿಗೆ ದ್ರೋಹ ಬಗೆದಂತೆಂದು ಇನ್ನು ಕೆಲವರು. ಎರಡು ಮಾತಿನಲ್ಲಿಯೂ ಸತ್ಯಾಂಶವುಂಟು. ಮಕ್ಕಳಿಗೆ ಚರಿತ್ರೆಯನ್ನು ಬೋಧಿಸುವ ನಮಗೆ ಇದು ಬರಿಯ ತರ್ಕದ ಪ್ರಶ್ನೆಯಲ್ಲ. ನಾವು ಹೇಳಿಕೊಟ್ಟ ಯುದ್ಧದ ಕಥೆಯಿಂದ ಎಳೆಯ ಮನಸ್ಸಿನಲ್ಲಿ ಕರುಣೆ ಮೂಡಬಹುದು, ಹಗೆಯೂ ಮೂಡಬಹುದು.

ಈ ಪ್ರಶ್ನೆಗೆ ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಗಳ ಜನರು ನಡೆದು ತೋರಿಸಿದ ಉತ್ತರವೊಂದಿದೆ. ಆ ದ್ವೀಪಗಳ ನಡುವಣ ಸ್ಕಾಪಾ ಫ್ಲೋ ಬ್ರಿಟಿಷ್ ನೌಕಾದಳದ ನೆಲೆಯಾಗಿತ್ತು. 1939ರ ಅಕ್ಟೋಬರ್ 14ರಂದು ಜರ್ಮನರ ಜಲಾಂತರ್ಗಾಮಿಯೊಂದು ಒಳನುಗ್ಗಿ ‘ರಾಯಲ್ ಓಕ್’ ಎಂಬ ಯುದ್ಧನೌಕೆಯನ್ನು ಮುಳುಗಿಸಿತು. 800ಕ್ಕೂ ಹೆಚ್ಚು ಮಂದಿ ಮಡಿದರು. ಪೂರ್ವದ ಕಡಲದಾರಿಗಳನ್ನು ಕಟ್ಟೆ ಹಾಕಿ ಮುಚ್ಚಬೇಕೆಂದು ನಿಶ್ಚಯವಾಯಿತು. ಆ ಕೆಲಸಕ್ಕೆ ಉತ್ತರ ಆಫ್ರಿಕದಲ್ಲಿ ಸೆರೆಸಿಕ್ಕ ಇಟಲಿಯ ಸೈನಿಕರನ್ನು ತಂದರು. ಸೆರೆಯಾಳುಗಳಿಂದ ಯುದ್ಧಕಾರ್ಯ ಮಾಡಿಸಬಾರದೆಂಬ ನಿಯಮವಿದ್ದುದರಿಂದ ಅವರು ಪ್ರತಿಭಟಿಸಿದರು. ಇವು ದ್ವೀಪಗಳನ್ನು ಕೂಡಿಸುವ ದಾರಿಗಳೆಂದು ಅವರಿಗೆ ಸಮಾಧಾನ ಹೇಳಲಾಯಿತು.

ಲ್ಯಾಂಬ್ ಹೋಮ್ ಎಂಬ ಪುಟ್ಟ ದ್ವೀಪದ ಶಿಬಿರದಲ್ಲಿದ್ದ ಈ ಸೆರೆಯಾಳುಗಳು 1943ರಲ್ಲಿ ಎರಡು ತಗಡಿನ ಗುಡಿಸಲುಗಳನ್ನು ಒಂದಕ್ಕೊಂದು ಕೂಡಿಸಿ ಇಗರ್ಜಿಯೊಂದನ್ನು ರಚಿಸತೊಡಗಿದರು. ಅವರ ಮುಂದಾಳು ಡೊಮೆನಿಕೊ ಕಿಯೊಕ್ಕೆತ್ತಿ ಎಂಬ ಚಿತ್ರಕಾರ. ಕಟ್ಟೆಯ ಕೆಲಸದ ಕಾಂಕ್ರೀಟಿನಿಂದ ಪೂಜಾವೇದಿಕೆಯಾಯಿತು. ಮಾಂಸ ತುಂಬಿ ಬರುತ್ತಿದ್ದ ಡಬ್ಬಿಗಳಿಂದ ದೀಪಗಳಾದುವು. ಮುಳ್ಳುತಂತಿಯ ಮೇಲೆ ಕಾಂಕ್ರೀಟು ಮೆತ್ತಿ ಸಂತ ಜಾರ್ಜನ ಮೂರ್ತಿಯನ್ನು ನಿಲ್ಲಿಸಿದರು. 1944ರಲ್ಲಿ ಸೆರೆಯಾಳುಗಳು ದ್ವೀಪವನ್ನು ಬಿಟ್ಟಾಗಲೂ ಕಿಯೊಕ್ಕೆತ್ತಿ ಉಳಿದ ಕೆಲಸವನ್ನು ಮುಗಿಸಲೆಂದು ಕೆಲಕಾಲ ಅಲ್ಲಿಯೇ ನಿಂತನು.

ಮುಂದೆ ಶಿಬಿರವನ್ನು ಕೆಡವಿದರು. ಇಗರ್ಜಿಯನ್ನೂ ಮೂರ್ತಿಯನ್ನೂ ಉಳಿಸಿದರು. 1958ರಲ್ಲಿ ದ್ವೀಪವಾಸಿಗಳು ಅದರ ರಕ್ಷಣೆಗೆ ಸಮಿತಿಯೊಂದನ್ನು ರಚಿಸಿಕೊಂಡರು. 1960ರಲ್ಲಿ ಕಿಯೊಕ್ಕೆತ್ತಿ ಮರಳಿ ಬಂದು, ಮಾಸಿದ ಚಿತ್ರಗಳನ್ನು ಸರಿಪಡಿಸಿ, ಇದು ಇನ್ನು ನಿಮ್ಮದೆಂದು ಅವರಿಗೆ ಒಪ್ಪಿಸಿ ಹೋದನು.

ಹಗೆಯ ಮಿತ್ರರು ಕಟ್ಟಿದ ಗುಡಿಯನ್ನು ಕಾಯುವುದು ಅದೇ ನೀರಿನಲ್ಲಿ ಮುಳುಗಿದವರಿಗೆ ಬಗೆದ ಅನ್ಯಾಯವಲ್ಲವೆ? ಈ ಆಕ್ಷೇಪವನ್ನು ಹಗುರವಾಗಿ ತಳ್ಳಲಾಗದು. ಆದರೆ ಅಲ್ಲಿಯ ಜನ ಒಂದರ ಸಲುವಾಗಿ ಇನ್ನೊಂದನ್ನು ಮರೆಯಲಿಲ್ಲ. ‘ರಾಯಲ್ ಓಕ್’ ನೌಕೆಯ ಗಂಟೆ ಕರ್ಕ್‌ವಾಲ್ ಪಟ್ಟಣದ ಸೇಂಟ್ ಮ್ಯಾಗ್ನಸ್ ದೇವಾಲಯದಲ್ಲಿದೆ. ನೀರಿನಡಿಯ ನೌಕೆ ಸಮಾಧಿಸ್ಥಳವಾಗಿ ರಕ್ಷಿತವಾಗಿದೆ. ನೌಕಾದಳದ ಮುಳುಗುಗಾರರು ವರ್ಷಕ್ಕೊಮ್ಮೆ ಅದರ ಮೇಲಿನ ಧ್ವಜವನ್ನು ಬದಲಿಸುತ್ತಾರೆ. ಮಡಿದವರಿಗೆ ಸಲ್ಲಬೇಕಾದ ಗೌರವ ಸೆರೆಯಾಳುಗಳ ದುಡಿಮೆಗೆ ಬೆಲೆ ಕೊಟ್ಟುದರಿಂದ ಕಡಮೆಯಾಗಲಿಲ್ಲ.

ವಸ್ತುವನ್ನು ಉಳಿಸುವ ಬಗೆ ಎರಡು. ಒಂದು, ವಿಜಯಚಿಹ್ನೆಯಾಗಿ, ಇನ್ನೊಂದು, ನ್ಯಾಸವಾಗಿ, ಎಂದರೆ ಅನ್ಯರು ನಂಬಿ ಒಪ್ಪಿಸಿದ ಒಡವೆಯಾಗಿ. ಎದುರಾಳಿಯ ಮಗನು ಬಂದು ನೋಡುವಾಗ ತಲೆ ತಗ್ಗಿಸಬೇಕಾದರೆ ಅದು ವಿಜಯಚಿಹ್ನೆ. ನಮ್ಮೊಡನೆ ನಿಂತು ನೋಡಬಲ್ಲನಾದರೆ ಅದು ನ್ಯಾಸ. ಹಗೆಯನ್ನು ಬೆಳೆಸುವುದು ನೆನಪಲ್ಲ, ನೆನಪಿನೊಳಗೆ ಬೆರೆತ ಗರ್ವ.

ಆದರೂ ಒಂದು ಎಚ್ಚರಿಕೆ ಅವಶ್ಯ. ಇಗರ್ಜಿಯ ಸೊಬಗನ್ನು ಮಾತ್ರ ವರ್ಣಿಸಿ ಸೆರೆಯನ್ನೂ ಪ್ರತಿಭಟನೆಯನ್ನೂ ಮರೆಮಾಡಿದರೆ ಅದೂ ಅಸತ್ಯವೆ. ದೀಪದ ಅಂದವನ್ನು ಹೊಗಳುವಾಗ, ಅದು ಸೆರೆಮನೆಯ ಊಟದ ಡಬ್ಬಿಯೆಂಬುದನ್ನೂ ಮಕ್ಕಳಿಗೆ ಹೇಳತಕ್ಕದ್ದು. ಎರಡನ್ನೂ ಕೇಳಿದ ಮಗು ಯಾರು ಗೆದ್ದರೆಂದು ಕೇಳುವುದರೊಡನೆ, ಯಾರು ನೊಂದರೆಂದೂ ಕೇಳಲು ಕಲಿತೀತು. ಅಷ್ಟಾದರೆ ನಮ್ಮ ಪಾಠ ಸಾರ್ಥಕ.