ಅಪರಿಚಯವೇ ಅಪರಾಧವೆ?

ಬಾಗಲಕೋಟೆಯ ನಮ್ಮ ಮನೆಯಲ್ಲಿ ಒಂದು ಮುಂಜಾವು ತುಳಸಿಯ ಕುಂಡಕ್ಕೆ ನೀರೆರೆಯುತ್ತಿದ್ದೆ. ಬಸಿದ ನೀರು ಕೆಳಗಿನ ತಟ್ಟೆಯಲ್ಲಿ ನಿಂತಿತು. ಅದರ ಮೇಲೆ ರವೆಯ ಕಾಳಿಗಿಂತ ಸಣ್ಣವಾದ ಬಿಳಿಯ ಹುಳುಗಳು! ಬೆರಳು ತಾಗಿದೊಡನೆ ಟಣ್ಣನೆ ಜಿಗಿದವು. ನೆರೆಮನೆಯವರು ಇಣುಕಿ ನೋಡಿ, “ಎಣ್ಣಿ ಹಾಕ್ರಿ ಸರ, ಬೇರ ತಿಂತಾವ” ಎಂದರು. ಹತ್ತಿಗೆ ಹೊಡೆಯುವ ಔಷಧವನ್ನು ಅವರೇ ತಂದುಕೊಟ್ಟರು. ಸಂಜೆಗೆ ತಟ್ಟೆ ನಿಶ್ಚಲವಾಗಿತ್ತು. ಅಂದಿನಿಂದ ಆ ತುಳಸಿಯ ದಳ ತೀರ್ಥಕ್ಕೂ ಬರದಂತಾಯಿತು.

ಪ್ರಾಣಿಶಾಸ್ತ್ರದ ಗೆಳೆಯರೊಬ್ಬರು ಕೇಳಿ ನಕ್ಕರು. ಅವು ಸ್ಪ್ರಿಂಗ್‌ಟೇಲ್‌ಗಳಂತೆ. ಹೊಟ್ಟೆಯ ಕೆಳಗೆ ಮಡಿಸಿಟ್ಟ ಕವಲುಬಾಲವನ್ನು ಸಡಿಲಿಸಿ ಚಿಮ್ಮುತ್ತವೆ. ಸಾಮಾನ್ಯವಾಗಿ ಬೂಷ್ಟನ್ನೂ ಕೊಳೆತ ಎಲೆಯನ್ನೂ ತಿಂದು ಬದುಕುತ್ತವೆ. ಗಿಡದ ಗೊಡವೆಗೆ ಹೋಗುವುದಿಲ್ಲ. ಮಣ್ಣನ್ನು ಆರಗೊಟ್ಟರೆ ತಾವೇ ಕಡಿಮೆಯಾಗುತ್ತವೆ. ಸ್ಕಾಟ್ಲೆಂಡಿನ ರೈನಿ ಎಂಬಲ್ಲಿ ಸಿಕ್ಕ ಇವುಗಳ ಪಳೆಯುಳಿಕೆಗೆ ಸುಮಾರು 40 ಕೋಟಿ ವರ್ಷಗಳ ವಯಸ್ಸು. ಅಂಥ ಹಳೆಯ ಕುಲಕ್ಕೆ ನಾನು ಅರ್ಧ ನಿಮಿಷದಲ್ಲಿ ತೀರ್ಪು ಕೊಟ್ಟಿದ್ದೆ.

ನಾನು ಕ್ರೂರಿಯಾಗಿ ಕೊಲ್ಲಲಿಲ್ಲ, ಅರಿಯದೆ ಕೊಂದೆ. ಆದರೆ ಅರಿಯಲು ಯತ್ನಿಸಲೇ ಇಲ್ಲವಲ್ಲ, ಅದಕ್ಕೇನೆನ್ನೋಣ? ಗುರುತಿಲ್ಲದ್ದು, ಸಣ್ಣದು, ಸಂಖ್ಯೆಯಲ್ಲಿ ಹೆಚ್ಚು—ಈ ಮೂರೇ ಸಾಕ್ಷ್ಯಗಳು ಸಾಕಾದವು. ಓಣಿಗೆ ಹೊಸದಾಗಿ ಬಂದ ಬಡವರ ವಿಷಯದಲ್ಲಿಯೂ ನಾವು ಇದೇ ಸಾಕ್ಷ್ಯಗಳಿಂದ ತೀರ್ಪು ಕೊಡುತ್ತೇವಲ್ಲವೆ?

ಬಾದಾಮಿಯ ನಾಲ್ಕನೆಯ ಗುಹೆ ಜೈನರದು. ಅಲ್ಲಿ ಬಾಹುಬಲಿ ಮೈಗೆ ಬಳ್ಳಿ ಹಬ್ಬಿದರೂ ಕೊಡವಿಕೊಳ್ಳದೆ ನಿಂತಿದ್ದಾನೆ. ಅವನನ್ನು ಪೂಜಿಸಿದವರ ಶಾಸ್ತ್ರವು ಜೀವಗಳನ್ನು ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗೆ ವಿಂಗಡಿಸಿತು. ಅದು ಬರಿಯ ಪಾಂಡಿತ್ಯವಲ್ಲ. ಕಾಲಿಡುವ ಮುನ್ನ ಕೆಳಗೆ ಯಾರಿದ್ದಾರೆಂದು ತಿಳಿಯುವ ಎಚ್ಚರ. ಅರಿವಿಲ್ಲದೆ ಅಹಿಂಸೆಯಿಲ್ಲವೆಂಬುದನ್ನು ಅವರು ಕಂಡಿದ್ದರು.

ಹಾಗಾದರೆ ಎಲ್ಲವನ್ನೂ ಉಳಿಸಬೇಕೆ? ಕೆಲವು ವಾರಗಳ ಬಳಿಕ ಅದೇ ತಟ್ಟೆಯಲ್ಲಿ ಬೇರೆ ಹುಳುಗಳು ಕಂಡವು. ಇವು ನೀರಿನ ಮೇಲೆ ಜಿಗಿಯುತ್ತಿರಲಿಲ್ಲ, ಒಳಗೆ ನುಲಿದಾಡುತ್ತಿದ್ದವು: ಸೊಳ್ಳೆಯ ಮರಿಗಳು. ಡೆಂಗಿಯನ್ನು ಹರಡುವ ಸೊಳ್ಳೆಗೆ ಇಂಥ ನಿಂತ ನೀರೇ ತೊಟ್ಟಿಲು. ಪಕ್ಕದ ಮನೆಯಲ್ಲಿ ಹಸುಗೂಸಿದೆ. ತಟ್ಟೆಯನ್ನು ಒಣನೆಲಕ್ಕೆ ಸುರಿದೆ. ಯತಿಗೆ ಮಹಾವ್ರತ, ಗೃಹಸ್ಥನಿಗೆ ಅಣುವ್ರತ ಎಂದು ಆ ಶಾಸ್ತ್ರವೇ ಹೇಳುತ್ತದೆ. ಆದರೂ ಅದು ಕೊಲೆಯೇ. ಈ ಸಲ ನೋಡಿ, ತಿಳಿದು, ಹೊಣೆ ಹೊತ್ತು ಮಾಡಿದ್ದು.

ಈಗ ತಟ್ಟೆಯನ್ನು ವಾರಕ್ಕೆರಡು ಸಲ ಒರೆಸಿಡುತ್ತೇನೆ. ಮಣ್ಣಿನಲ್ಲಿ ಜಿಗಿಯುವವರು ಮರಳಿ ಬಂದಿದ್ದಾರೆ. ನೆರೆಮನೆಯವರನ್ನು ಕರೆದು ಮಸೂರದಲ್ಲಿ ತೋರಿಸಿದೆ. ಬಹಳ ಹೊತ್ತು ನೋಡಿ, “ಪಾಪ, ಇರಲಿ ಬಿಡ್ರಿ” ಎಂದರು.